ಮಂಗಳವಾರ ಹತ್ತು ಗಂಟೆಯ ನಡಿಗೆ

ಹೋದ ವಾರ ಮ್ಯಾನ್‌ಹಟನ್ ಪಕ್ಕದ ಸೀಕಾಕಸ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೀರಿನ ಪೈಪ್ ರಿಪೇರಿ ಮಾಡಿದರು. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮೊದಲು ಬುಸ್ಸೆಂದು ಗಾಳಿ ಬಂತು, ಆಮೇಲೆ ಕೆಂಪಗಿನ ನೀರು, ಅದರ ಹಿಂದೆಯೇ ತುಕ್ಕು ಹಿಡಿದ ಕಬ್ಬಿಣದ ವಾಸನೆ. "ಬಿಟ್ಬಿಡು, ಐದು ನಿಮಿಷ ಹರೀಲಿ" ಎಂದು ನನ್ನ ಗಂಡ ಮಂಜುನಾಥ್ ಹಾಲಿನಿಂದಲೇ ಕೂಗಿದರು. ನಾನು ಸಿಂಕಿನ ಮುಂದೆ ಹಾಗೆಯೇ ನಿಂತುಬಿಟ್ಟೆ. ನನ್ನ ಮಟ್ಟಿಗೆ ಆ ವಾಸನೆ ಒಂದೇ ಒಂದು ಊರಿನದು. ಮೂರು ವರ್ಷದ ಹಿಂದೆ, ಐವತ್ತಮೂರನೆಯ ವಯಸ್ಸಿನಲ್ಲಿ, ಒಂದು ಬೇಸಿಗೆಯನ್ನು ಪೂರ್ತಿ ನಾನು ಸಾರಟೋಗಾ ಸ್ಪ್ರಿಂಗ್ಸ್‌ನಲ್ಲಿ ಕಳೆದೆ.

ಮ್ಯಾನ್‌ಹಟನ್‌ನಿಂದ ರೈಲು ಹತ್ತಿ, ಹಡ್ಸನ್ ನದಿಯನ್ನು ಎಡಗಡೆ ಇಟ್ಟುಕೊಂಡು ಉತ್ತರಕ್ಕೆ ಹೋದರೆ ಅರ್ಧ ದಿನದಲ್ಲಿ ಸಿಗುವ ಊರು ಅದು. ನೆಲದಿಂದ ತಾನಾಗಿ ಉಕ್ಕುವ ನೀರಿಗೂ ಕುದುರೆ ಪಂದ್ಯಕ್ಕೂ ಹೆಸರಾಗಿದೆ. ಪಾರ್ಕಿನಲ್ಲಿ, ರಸ್ತೆ ಪಕ್ಕದಲ್ಲಿ, ಗಿಡದ ಮರೆಯಲ್ಲಿ ಸಣ್ಣ ಸಣ್ಣ ಕೊಳವೆಗಳಿಂದ ನೀರು ಬೀಳುತ್ತಲೇ ಇರುತ್ತದೆ. ಒಂದು ಕಡೆ ಉಪ್ಪು, ಇನ್ನೊಂದು ಕಡೆ ಗಂಧಕದ ನಾತ, ಮತ್ತೊಂದು ಕಡೆ ಬರಿಯ ಕಬ್ಬಿಣ. ಕುಡಿದರೆ ಸೋಡಾದ ಹಾಗೆ ನಾಲಿಗೆ ಚುರುಗುಟ್ಟುತ್ತದೆ.

ಆ ವರ್ಷ ವಸಂತದಲ್ಲಿ ನನ್ನ ಕೆಲಸ ಹೋಗಿತ್ತು. ಹತ್ತೊಂಬತ್ತು ವರ್ಷ ಒಂದು ಬಟ್ಟೆ ವೇರ್‌ಹೌಸಿನ ಆಫೀಸಿನಲ್ಲಿ ಕೂತು ಯಾವ ಪೆಟ್ಟಿಗೆ ಯಾವ ಟ್ರಕ್ಕಿಗೆ ಹೋಗಬೇಕು ಎಂದು ನೋಡಿಕೊಂಡಿದ್ದವಳು ನಾನು. ಕಂಪನಿ ಬೇರೆ ರಾಜ್ಯಕ್ಕೆ ಹೋಯಿತು, ನಾವು ಉಳಿದೆವು. "ಇಷ್ಟು ದಿನ ದುಡಿದಿದ್ದು ಸಾಕು, ಆರಾಮಾಗಿರು" ಎಂದರು ಮಂಜುನಾಥ್. ಎರಡು ವಾರ ಆರಾಮಾಗಿದ್ದೆ. ಮೂರನೆಯ ವಾರ ಕಿಚನ್ ಕಪಾಟುಗಳನ್ನೆಲ್ಲ ಖಾಲಿ ಮಾಡಿ ತೊಳೆದು, ಮತ್ತೆ ತುಂಬಿಸಿ, ಮತ್ತೆ ಖಾಲಿ ಮಾಡಲು ಹೊರಟಾಗ ನನಗೇ ಭಯವಾಯಿತು.

ಅದೇ ವಾರ ಫಿಲೋಮಿನಾ ಆಂಟಿಯ ಫೋನ್ ಬಂತು. ಮಂಗಳೂರಿನವರು, ಕ್ವೀನ್ಸ್‌ನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಬಹಳ ಹಿಂದೆ ಬೆಲ್‌ರೋಸ್‌ನ ಇಂಡಿಯನ್ ಅಂಗಡಿಯಲ್ಲಿ ಕುಚ್ಚಲಕ್ಕಿ ಚೀಲ ಎತ್ತಲು ಒದ್ದಾಡುತ್ತಿದ್ದಾಗ ನಾನು ಕೈಹಾಕಿದ್ದೆ, ಅಲ್ಲಿಂದ ಪರಿಚಯ. ಗಂಡನ ಕೆಲಸದ ಸಲುವಾಗಿ ಸಾರಟೋಗಾಕ್ಕೆ ಹೋಗಿ, ಅವರು ತೀರಿಕೊಂಡ ಮೇಲೂ ಅಲ್ಲೇ ಉಳಿದಿದ್ದರು.

"ಇಲ್ಲಿ ಒಂದು ಸಣ್ಣ ಮ್ಯೂಸಿಯಂ ಉಂಟು. ರೇಸ್ ಸೀಸನ್ನಿಗೆ ಜನ ಹುಡುಕ್ತಾ ಇದ್ದಾರೆ, ಬಂದವರಿಗೆ ಊರು ತೋರಿಸ್ಲಿಕ್ಕೆ" ಎಂದರು. "ನೀನು ಓದಿದ್ದು ಹಿಸ್ಟರಿ ಅಲ್ವಾ?"

"ಅದು ಮೈಸೂರಲ್ಲಿ ಆಂಟಿ, ಮೂವತ್ತು ವರ್ಷದ ಹಿಂದೆ."

"ಹಿಸ್ಟರಿ ಅಂದ್ರೆ ಹಳೇದೇ ಅಲ್ವಾ ಮಾರಾಯ್ತಿ? ನನ್ನ ಮೇಲಿನ ರೂಮು ಖಾಲಿ ಉಂಟು. ಬಾ."

ಜೂನ್ ಕೊನೆಯಲ್ಲಿ ಒಂದು ಸೂಟ್‌ಕೇಸ್ ಹಿಡಿದು ಹೋದೆ. ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವಳು ಮಾರ್ಗರೆಟ್, ಅರವತ್ತರ ಹತ್ತಿರದ, ನೆಟ್ಟಗೆ ಕೂತು ಮಾತಾಡುವ ಹೆಂಗಸು. ನನ್ನ ಅರ್ಜಿ ಓದಿದಳು, ಹತ್ತು ನಿಮಿಷ ಮಾತಾಡಿಸಿದಳು.

"ನಿಮ್ಮ ಇಂಗ್ಲಿಷ್ ಚೆನ್ನಾಗಿದೆ. ಆದರೆ ಬಿಸಿಲಲ್ಲಿ ನಿಂತು ಕೇಳುವವರಿಗೆ ಉಚ್ಚಾರಣೆ ಸ್ವಲ್ಪ ಕಷ್ಟ ಆಗಬಹುದು. ಟಿಕೆಟ್ ಡೆಸ್ಕಿನಲ್ಲಿ ಕೂರುತ್ತೀರಾ?"

ಕೂರುತ್ತೇನೆ ಎಂದೆ. ಮನೆಗೆ ಬಂದು ಫಿಲೋಮಿನಾ ಆಂಟಿಗೆ ಹೇಳಿದೆ: "ಸೀಸನ್ ಮುಗಿಯೋದ್ರೊಳಗೆ ನಾನು ಊರು ತೋರಿಸ್ತೀನಿ ಆಂಟಿ. ನೋಡ್ತಾ ಇರಿ."

ಬಂದವರನ್ನು ನಡೆಸಿಕೊಂಡು ಹೋಗಿ ಊರು ತೋರಿಸುವ 'ನಡಿಗೆ'ಯ ಗೈಡುಗಳಿಗೆ ಮಾರ್ಗರೆಟ್ ಬರೆದುಕೊಟ್ಟಿದ್ದ ಹನ್ನೆರಡು ಪುಟಗಳನ್ನು ನಾನೂ ಒಂದು ಪ್ರತಿ ಮಾಡಿಕೊಂಡೆ. ಸಂಜೆ ಆಂಟಿಯ ಅಡುಗೆಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತಾ ಬಾಯಿಪಾಠ ಮಾಡಿದೆ. ಈ ಬುಗ್ಗೆಗಳ ನೀರು ಔಷಧಿ ಎಂದು ಮೊದಲು ಕಂಡುಕೊಂಡವರು ಮೋಹಾಕ್ ಜನ. ಅವರ ನೆಲಕ್ಕೆ ಬಂದ ಬಿಳಿಯರು ಬುಗ್ಗೆಗಳ ಸುತ್ತ ಹೋಟೆಲು ಕಟ್ಟಿದರು, ಒಂದೊಂದರ ಜಗಲಿಯೂ ಒಂದು ಬೀದಿಯಷ್ಟು ಉದ್ದ. ಬೆಳಿಗ್ಗೆ ನೀರು ಕುಡಿದವರಿಗೆ ಮಧ್ಯಾಹ್ನ ಹೊತ್ತು ಹೋಗಬೇಕಲ್ಲ, ಜೂಜಿನ ಮನೆಗಳು ಬಂದವು. ಅಂತರ್ಯುದ್ಧ ನಡೆಯುತ್ತಿರುವಾಗಲೇ ಕುದುರೆ ಪಂದ್ಯವೂ ಬಂತು. ಸೋಡಾಕ್ಕಾಗಿ ಕಂಪನಿಗಳು ನೆಲದಿಂದ ಗ್ಯಾಸ್ ಹೀರಿ ಹೀರಿ ಬುಗ್ಗೆಗಳೇ ಬತ್ತತೊಡಗಿದಾಗ ಸರ್ಕಾರ ಮಧ್ಯೆ ಬಂದು, ಜಾಗ ಕೊಂಡು, ಪಂಪುಗಳನ್ನು ನಿಲ್ಲಿಸಿತು. ನೀರು ಮತ್ತೆ ಮೇಲೆ ಬಂತು. ಆಮೇಲೆ ಜೂಜಿನ ಮನೆಗಳಿಗೆ ಬೀಗ ಬಿತ್ತು, ದೊಡ್ಡ ಹೋಟೆಲುಗಳನ್ನು ಒಡೆದುಹಾಕಿದರು, ಊರು ಸೊರಗಿತು. ಅದನ್ನು ಎತ್ತಿ ನಿಲ್ಲಿಸಿದ್ದು ಬೇಸಿಗೆಯ ಕುದುರೆಗಳು, ಮತ್ತು ಹಟ ಹಿಡಿದು ಹಳೆಯ ಮನೆಗಳನ್ನು ರಿಪೇರಿ ಮಾಡಿಕೊಂಡು ಉಳಿದ ಜನ.

ನನಗೆ ಆ ಊರು ಹಿಡಿಸಿತು. ಬಿದ್ದು ಎದ್ದ ಊರು. ಆದರೆ ಆ ಪುಟಗಳಲ್ಲಿ ಕೋಟ್ಯಧೀಶರ ಹೆಸರುಗಳಿದ್ದವು, ಗೆದ್ದ ಕುದುರೆಗಳ ಹೆಸರುಗಳೂ ಇದ್ದವು. ಆ ಜಗಲಿ ಗುಡಿಸಿದವರು, ಆ ಕುದುರೆ ತಿಕ್ಕಿದವರು ಯಾರೂ ಇರಲಿಲ್ಲ.

ಜುಲೈ ಮಧ್ಯದಲ್ಲಿ ಸೀಸನ್ ಶುರುವಾಯಿತು. ಊರಿನವರು ಮನೆಗಳನ್ನು ರೇಸಿಗೆ ಬಂದವರಿಗೆ ಬಾಡಿಗೆಗೆ ಕೊಟ್ಟು ತಾವು ಎಲ್ಲೋ ಹೋದರು. ದೊಡ್ಡ ಹ್ಯಾಟಿನ ಹೆಂಗಸರು, ತಿಳಿಬಣ್ಣದ ಸೂಟಿನ ಗಂಡಸರು ಬೀದಿ ತುಂಬಿಕೊಂಡರು. ಮಧ್ಯಾಹ್ನದ ಸೆಕೆ ಮೈಗೆ ಅಂಟಿಕೊಳ್ಳುವಂಥದ್ದು. ನಾಲ್ಕು ಗಂಟೆಗೆ ಗುಡುಗು, ಒಂದು ಜೋರು ಮಳೆ, ಮತ್ತೆ ಬಿಸಿಲು. ನಾನು ಡೆಸ್ಕಿನಲ್ಲಿ ಕೂತು ಟಿಕೆಟ್ ಹರಿದೆ. ಒಂದು ವಾರ ಕಳೆದ ಮೇಲೆ ಮಾರ್ಗರೆಟ್ ಹತ್ತಿರ ಹೋದೆ.

"ಸೋಮವಾರ, ಮಂಗಳವಾರ ರೇಸ್ ಇಲ್ಲ. ಮಂಗಳವಾರ ನಮ್ಮ ನಡಿಗೆಯೂ ಇಲ್ಲ. ಹತ್ತು ಗಂಟೆಗೆ ನನಗೆ ಕೊಡಿ."

"ಮಂಗಳವಾರ ಯಾರೂ ಬರುವುದಿಲ್ಲ."

"ಹಾಗಾದರೆ ನನ್ನ ಉಚ್ಚಾರಣೆಯಿಂದ ಯಾರಿಗೂ ತೊಂದರೆ ಆಗುವುದಿಲ್ಲ."

ಅವಳು ನಗಲಿಲ್ಲ. ಆದರೆ ಕ್ಯಾಲೆಂಡರಿನಲ್ಲಿ ಬರೆದುಕೊಂಡಳು.

ಮೊದಲ ಮಂಗಳವಾರ ಇಬ್ಬರು ಬಂದರು, ಅವರಲ್ಲಿ ಒಬ್ಬರು ಅರ್ಧಕ್ಕೇ ಹೊರಟುಹೋದರು. ಎರಡನೆಯ ಮಂಗಳವಾರ ಬೆಳಿಗ್ಗೆಯಿಂದ ಮಳೆ, ಒಬ್ಬರೂ ಇಲ್ಲ. ಫಿಲೋಮಿನಾ ಆಂಟಿ ನನಗೆ ಊಟದ ಡಬ್ಬಿ ತಂದವರು ಕಾಲಿನ ನೋವನ್ನೂ ಲೆಕ್ಕಿಸದೆ, "ನಂಗೆ ತೋರಿಸು. ನಾನು ಈ ಊರಲ್ಲಿ ಇಷ್ಟು ವರ್ಷ ಇದ್ದು ಎಂಥದೂ ನೋಡಿಲ್ಲ" ಎಂದರು. ಒಂದೇ ಕೊಡೆಯ ಕೆಳಗೆ ಒಂದೂವರೆ ಗಂಟೆ ನಡೆದೆವು. ಹನ್ನೆರಡು ಪುಟವನ್ನೂ ಬಿಡದೆ ಹೇಳಿದೆ, ಅದೂ ಇಂಗ್ಲಿಷಿನಲ್ಲೇ. ಕೊನೆಗೆ ಅವರು, "ಚಂದ ಹೇಳ್ತಿ. ಆದ್ರೆ ಬೇರೆಯವರದ್ದು ಹೇಳಿದ ಹಾಗೆ ಹೇಳ್ತಿ" ಎಂದರು. ಆ ಮಾತು ಮನಸ್ಸಿನಲ್ಲಿ ಕೂತಿತು.

ಮಾರನೆಯ ದಿನ ಬೆಳಗಿನ ಜಾವ ಕುದುರೆಗಳ ಓಟದ ಅಭ್ಯಾಸ ನೋಡಲು ಹೋದೆ. ಲಾಯದಿಂದ ಮೈದಾನಕ್ಕೆ ಹೋಗುವ ಕುದುರೆಗಳು ಒಂದು ಕಡೆ ರಸ್ತೆ ದಾಟುತ್ತವೆ; ಅಲ್ಲಿ ಕಾರುಗಳನ್ನೂ ಜನರನ್ನೂ ನಿಲ್ಲಿಸುತ್ತಾರೆ. ಇಬ್ಬನಿ ಇನ್ನೂ ಆರಿರಲಿಲ್ಲ. ಕರಿಯ ಮುದುಕರೊಬ್ಬರು ಕಂದು ಕುದುರೆಯೊಂದನ್ನು ಲಗಾಮು ಹಿಡಿದು ನಡೆಸಿಕೊಂಡು ಬಂದು ನನ್ನ ಹತ್ತಿರವೇ ನಿಂತರು. ಕುದುರೆ ಎಡ ಮುಂಗಾಲಿನ ಮೇಲೆ ಭಾರ ಹಾಕುತ್ತಿರಲಿಲ್ಲ. ಅವರು ಬಗ್ಗಿ, ಮೊಣಕಾಲಿನಿಂದ ಗೊರಸಿನವರೆಗೆ ಅಂಗೈಯನ್ನು ನಿಧಾನವಾಗಿ ಇಳಿಸಿದರು.

"ಕಾವಿದೆಯಾ?" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಅವರು ತಲೆಯೆತ್ತಿ ನೋಡಿದರು. "ಸ್ವಲ್ಪ. ಇದನ್ನು ನಿಮಗೆ ಯಾರು ಕಲಿಸಿದರು?"

"ನನ್ನ ತಂದೆ. ಇಂಡಿಯಾದಲ್ಲಿ ಒಂದು ಕುದುರೆ ಫಾರಂನಲ್ಲಿದ್ದರು. ಆಫೀಸ್ ಕೆಲಸ."

"ಆಫೀಸಿನಲ್ಲಿ ಕೂತವರಿಗೆ ಇದು ಗೊತ್ತಿರುವುದಿಲ್ಲ, ಮ್ಯಾಮ್" ಎಂದು ಅವರು ಕುದುರೆಯನ್ನು ಹಿಂದಕ್ಕೆ ತಿರುಗಿಸಿಕೊಂಡು ಹೋದರು.

ನಾನು ಅಲ್ಲಿದ್ದ ಬೆಂಚಿನ ಮೇಲೆ ಕೂತುಕೊಂಡೆ. ನನ್ನ ತಂದೆ ಆಫೀಸಿನಲ್ಲಿ ಇರಲಿಲ್ಲ. ಕುಣಿಗಲ್‌ನಲ್ಲಿ ರೇಸ್ ಕುದುರೆ ಸಾಕುವ ಫಾರಂನ ಲಾಯದಲ್ಲಿ ಆಳಾಗಿದ್ದರು. ಕತ್ತಲಿರುವಾಗಲೇ ಎದ್ದು ಹೋಗಿ ಹುರುಳಿ ಬೇಯಿಸುವುದು, ಲದ್ದಿ ಬಾಚುವುದು, ಕುದುರೆಯ ಮೈ ತಿಕ್ಕುವುದು, ಜೂಲು ಬಾಚುವುದು. ಕುದುರೆ ಕಾಯಿಲೆ ಬಿದ್ದರೆ ಅದರ ಪಕ್ಕದಲ್ಲೇ ಮಲಗುವುದು. ಭಾನುವಾರ ನನ್ನನ್ನು ಕರೆದುಕೊಂಡು ಹೋಗಿ, ನನ್ನ ಕೈಮೇಲೆ ತಮ್ಮ ಕೈಯಿಟ್ಟು ಕುದುರೆಯ ಕಾಲನ್ನು ಸವರಿಸಿ, ಪೆಟ್ಟಾದ ಕಡೆ ಕಾವಿರುತ್ತದೆ ಎಂದು ಹೇಳಿಕೊಟ್ಟು, "ಎಲ್ಲಿ ಬಿಸಿ ಹೇಳು ನೋಡಾನ" ಎನ್ನುತ್ತಿದ್ದರು. ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ತೀರಿಕೊಂಡರು. ಮದುವೆ ಮಾತು ಬಂದಾಗ ಗಂಡಿನ ಕಡೆಯವರು ಮನೆಮಂದಿಯೆಲ್ಲ ಮೇಷ್ಟರುಗಳು. "ನಮ್ಮ ಭಾವ ಫಾರಂ ಆಫೀಸಲ್ಲಿದ್ರು" ಎಂದುಬಿಟ್ಟರು ನನ್ನ ಸೋದರಮಾವ. ನಾನು ಕಾಫಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ, ಸುಮ್ಮನಿದ್ದೆ. ಒಂದು ಸಲ ಸುಮ್ಮನಿದ್ದರೆ ಸಾಕು, ಆಮೇಲೆ ಪ್ರತಿ ಸಲವೂ ಸುಮ್ಮನಿರಬೇಕಾಗುತ್ತದೆ. ಮಂಜುನಾಥ್ ಜೊತೆ ಇಪ್ಪತ್ತೇಳು ವರ್ಷ ಸುಮ್ಮನಿದ್ದೆ.

ಮರುದಿನವೂ ಅದೇ ಜಾಗಕ್ಕೆ ಹೋದೆ, ಅದರ ಮರುದಿನವೂ. ಆ ಮುದುಕರ ಹೆಸರು ರಾಯ್. ಎಪ್ಪತ್ತು ದಾಟಿತ್ತು. ಅವರ ತಂದೆಯೂ ಇದೇ ಕೆಲಸ ಮಾಡಿದವರು. ಪ್ರತಿ ಬೇಸಿಗೆ ದಕ್ಷಿಣದಿಂದ ಕುದುರೆಗಳ ಜೊತೆಯೇ ಇಲ್ಲಿಗೆ ಬರುತ್ತಿದ್ದರಂತೆ. ಮೊದಲು ಪಂದ್ಯದ ಸವಾರರಲ್ಲೂ ಬಹಳ ಜನ ಕರಿಯರೇ ಇದ್ದರೆಂದೂ, ಹಣ ಹೆಸರು ಬರತೊಡಗಿದ ಮೇಲೆ ಅವರನ್ನು ಆಚೆ ತಳ್ಳಿದರೆಂದೂ ಅವರೇ ಹೇಳಿದ್ದು. ರಾಯ್ ಹುಡುಗರಾಗಿದ್ದಾಗಲೂ ಊರಿನ ಹೋಟೆಲುಗಳು ಕೆಲಸಕ್ಕಷ್ಟೇ ಇವರನ್ನು ಒಳಗೆ ಬಿಡುತ್ತಿದ್ದವು. ಹಾಗಾಗಿ ರಾಯ್ ಮತ್ತು ಅವರ ತಂದೆ ಇಳಿದುಕೊಳ್ಳುತ್ತಿದ್ದದ್ದು ಪಶ್ಚಿಮದ ಕಡೆಯ ಒಂದು ಬೀದಿಯಲ್ಲಿ, ಮಿಸ್ ಎಸ್ತರ್ ಎಂಬ ಹೆಂಗಸು ಬಾಡಿಗೆ ಕೋಣೆ ಕೊಡುತ್ತಿದ್ದ ಮನೆಯಲ್ಲಿ. ನಗರ ಸುಧಾರಣೆಯ ಹೆಸರಿನಲ್ಲಿ ಆ ಸುತ್ತಿನ ಮನೆಗಳನ್ನೆಲ್ಲ ಕೆಡವಿದರು. ಮಿಸ್ ಎಸ್ತರ್ ಮನೆಯಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ.

"ನೀವು ನನ್ನ ನಡಿಗೆಗೆ ಬನ್ನಿ" ಎಂದೆ.

"ಅದರಲ್ಲಿ ನಮ್ಮದು ಏನಿದೆ?" ಎಂದರು.

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನಾನು ಮಾರ್ಗರೆಟ್ ಹತ್ತಿರ ಹೋಗಿ ಆ ಪಾರ್ಕಿಂಗ್ ಜಾಗವನ್ನು ನಡಿಗೆಯಲ್ಲಿ ಸೇರಿಸಬೇಕು ಎಂದೆ. ಅವಳು ಬೇಡ ಎಂದಳು. ಕೆಟ್ಟ ಮನಸ್ಸಿನಿಂದಲ್ಲ. "ಒಬ್ಬರ ನೆನಪನ್ನು ನಂಬಿ ಇತಿಹಾಸ ಹೇಳಲು ಆಗುವುದಿಲ್ಲ, ಸುನಂದಾ. ದಾಖಲೆ ಬೇಕು."

ದಾಖಲೆ ಹುಡುಕಲು ಊರಿನ ಲೈಬ್ರರಿಗೆ ಹೋದೆ. ಅಲ್ಲಿ ಸ್ಥಳೀಯ ಇತಿಹಾಸಕ್ಕೇ ಒಂದು ಕೋಣೆಯಿದೆ. ಯಾವ ಬೀದಿಯ ಯಾವ ಮನೆಯಲ್ಲಿ ಯಾರಿದ್ದರು ಎಂದು ವರ್ಷವರ್ಷವೂ ಅಚ್ಚಾದ ಹಳೆಯ ಡೈರೆಕ್ಟರಿಗಳಿವೆ. ಡೆಸ್ಕ್ ಕೆಲಸ ಮುಗಿಸಿ ದಿನಾ ಎರಡು ಗಂಟೆ ಕೂತೆ. ಪುಟದ ಧೂಳಿಗೆ ಸೀನು ಬಂದು ಕಣ್ಣು ಉರಿಯುತ್ತಿತ್ತು. ನಾಲ್ಕನೆಯ ದಿನ ಎಸ್ತರ್ ಸಿಕ್ಕರು: ಹೆಸರು, ಬೀದಿ, ಮನೆ ನಂಬರು, ಪಕ್ಕದಲ್ಲಿ 'ಬಾಡಿಗೆ ಕೋಣೆಗಳು'. ಮುಂದಿನ ವರ್ಷಗಳ ಪುಸ್ತಕಗಳಲ್ಲೂ ಇದ್ದರು. ಆಮೇಲಿನ ಪುಸ್ತಕದಲ್ಲಿ ಆ ಮನೆ ನಂಬರೇ ಇರಲಿಲ್ಲ.

ಕಾಪಿ ತೆಗೆಸಿ ಮಾರ್ಗರೆಟ್ ಮೇಜಿನ ಮೇಲಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ನೋಡಿದಳು. 

"ನಾನು ಹುಟ್ಟಿದ್ದು ಇದೇ ಊರಲ್ಲಿ" ಎಂದಳು ಕೊನೆಗೆ. "ಆ ಜಾಗದಲ್ಲಿ ಎಷ್ಟೋ ಸಲ ಕಾರು ನಿಲ್ಲಿಸಿದ್ದೇನೆ. ಐದು ನಿಮಿಷ ತೆಗೆದುಕೊಳ್ಳಿ."

"ಹದಿನೈದು."

"ಹತ್ತು."

ಆಗಸ್ಟಿನ ಕೊನೆಯ ಮಂಗಳವಾರಕ್ಕೆ ರಾಯ್ ಬರುತ್ತೇನೆ ಎಂದರು. ಅದೇ ವಾರ ಮಂಜುನಾಥ್ ರಜೆ ಹಾಕಿ ಬಂದರು. "ನೀನು ಅಷ್ಟು ಜನದ ಮುಂದೆ ಮಾತಾಡೋದನ್ನ ನಾನೂ ನೋಡಬೇಕಲ್ಲ" ಎಂದರು. ಅಷ್ಟು ಜನ ಇರುವುದಿಲ್ಲ ರೀ, ನಾಲ್ಕು ಜನ ಬಂದರೆ ಹೆಚ್ಚು ಎಂದು ಹೇಳಿದ್ದೆ. ಹತ್ತು ಗಂಟೆಗೆ ಮ್ಯೂಸಿಯಂ ಬಾಗಿಲು ತೆರೆದರೆ ಹುಲ್ಲಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ಜನ. ರಾಯ್ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ಅವರ ಜೊತೆ ಬೆಳಗಿನ ಕೆಲಸ ಮುಗಿಸಿ ಬಂದ ಲಾಯದವರು. ಗ್ವಾಟೆಮಾಲಾ, ಮೆಕ್ಸಿಕೋದಿಂದ ಬಂದ ಗಂಡಸರು ಹೆಂಗಸರು. ವರ್ಷವರ್ಷ ಈ ಊರಿಗೆ ಬಂದರೂ ಅವರಲ್ಲಿ ಹೆಚ್ಚಿನವರು ಈ ಹುಲ್ಲಿನ ಮೇಲೆ ಕಾಲಿಟ್ಟವರೇ ಅಲ್ಲ. ಮಾರ್ಗರೆಟ್ ಕೂಡ ಹೊರಗೆ ಬಂದು ನಿಂತಳು.

ನಡೆದೆವು. ಬುಗ್ಗೆಯ ಹತ್ತಿರ ಎಲ್ಲರೂ ನೀರು ಕುಡಿದು ಮುಖ ಕಿವುಚಿದರು. ಹೋಟೆಲಿದ್ದ ಜಾಗದಲ್ಲಿ ನಿಂತು ಅದರ ಜಗಲಿಯ ಬಗ್ಗೆ ಹೇಳುವಾಗ, ಅಲ್ಲಿ ತಟ್ಟೆ ಹೊತ್ತವರ ಬಗ್ಗೆಯೂ ಹೇಳಿದೆ. ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ ಹೇಳಿದೆ. ಯಾರೂ ಏನೆಂದಿರಿ ಎಂದು ಮತ್ತೆ ಕೇಳಲಿಲ್ಲ.

ಪಾರ್ಕಿಂಗ್ ಜಾಗಕ್ಕೆ ಬಂದಾಗ ಡೈರೆಕ್ಟರಿಯ ಹಾಳೆ ತೆಗೆದು ಮಿಸ್ ಎಸ್ತರ್ ಹೆಸರು ಓದಿದೆ. ಆಮೇಲೆ ಪಕ್ಕಕ್ಕೆ ಸರಿದು, "ಇನ್ನು ರಾಯ್ ಹೇಳುತ್ತಾರೆ" ಎಂದೆ.

ಅವರು ಹಳದಿ ಗೆರೆಗಳ ನಡುವೆ ನಡೆದುಹೋಗಿ ಒಂದು ಕಡೆ ನಿಂತರು. "ಮೆಟ್ಟಿಲು ಇಲ್ಲಿದ್ದವು" ಎಂದರು. "ಲದ್ದಿ ಮೆತ್ತಿದ ಬೂಟಿನಲ್ಲಿ ಒಳಗೆ ಹೋದರೆ ಮಿಸ್ ಎಸ್ತರ್ ಪೊರಕೆ ಎತ್ತುತ್ತಿದ್ದಳು. ನಮ್ಮಪ್ಪ ದೊಡ್ಡ ದೊಡ್ಡ ಕುದುರೆಗಳನ್ನು ಹಿಡಿದವನು, ಅವಳಿಗೆ ಮಾತ್ರ ಹೆದರುತ್ತಿದ್ದ." ಎಲ್ಲರೂ ನಕ್ಕರು. ಲಾಯದ ಹೆಂಗಸೊಬ್ಬಳು ಉಳಿದವರಿಗೆ ಅದನ್ನು ಸ್ಪ್ಯಾನಿಷಿನಲ್ಲಿ ಹೇಳಿದಳು, ಅವರೂ ನಕ್ಕರು. ರಾಯ್ ಆ ಬೀದಿಯ ಅಂಗಡಿ, ಹಾಡು ಕೇಳಲು ಸೇರುತ್ತಿದ್ದ ಮನೆ, ಕ್ಷೌರದವನು, ಎಲ್ಲವನ್ನೂ ಕಾರುಗಳ ನಡುವೆ ಬೊಟ್ಟುಮಾಡಿ ತೋರಿಸಿದರು. ಹತ್ತು ನಿಮಿಷ ಎಂದೋ ಮುಗಿದಿತ್ತು. ಮಾರ್ಗರೆಟ್ ಗಡಿಯಾರ ನೋಡಲಿಲ್ಲ. ಚೀಟಿಯೊಂದರ ಮೇಲೆ ಬರೆದುಕೊಳ್ಳುತ್ತಿದ್ದಳು.

ಕೊನೆಯಲ್ಲಿ ಹ್ಯಾಟು ಹಾಕಿದ್ದ ಪ್ರವಾಸಿ ಹೆಂಗಸೊಬ್ಬಳು ಕೇಳಿದಳು: "ನೀವು ಅಷ್ಟು ದೂರದವರು. ಇದೆಲ್ಲ ನಿಮಗೆ ಯಾಕೆ?"

ಮಂಜುನಾಥ್ ಹಿಂದಿನ ಸಾಲಿನಲ್ಲಿ ನನ್ನ ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದರು. ನಾನು ಅವರನ್ನೇ ನೋಡಿಕೊಂಡು ಹೇಳಿದೆ: "ನನ್ನ ತಂದೆ ಕುದುರೆ ಲಾಯದಲ್ಲಿ ಆಳಾಗಿದ್ದರು. ರಾಯ್ ಮಾಡುವ ಕೆಲಸವನ್ನೇ ಮಾಡುತ್ತಿದ್ದರು." ರಾಯ್ ತಲೆಯಾಡಿಸಿದರು, ಅಷ್ಟೇ. ಮಂಜುನಾಥ್ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಾ ನೆಲ ನೋಡಿದರು.

ಜನ ಹೋದ ಮೇಲೆ ಇಬ್ಬರೂ ಪಾರ್ಕಿನ ಬೆಂಚಿನ ಮೇಲೆ ಕೂತೆವು.

"ಇಪ್ಪತ್ತೇಳು ವರ್ಷ" ಎಂದರು. "ನನ್ನ ಮೇಲೆ ಅಷ್ಟೂ ನಂಬಿಕೆ ಇರ್ಲಿಲ್ವಾ?"

"ಮೊದಲು ಭಯ ಇತ್ತು. ಆಮೇಲೆ ಇಷ್ಟು ದಿನ ಹೇಳ್ಲಿಲ್ವಲ್ಲ ಅನ್ನೋ ನಾಚಿಕೆ."

"ನಾನೇನು ಅಂಥವನಾ?"

"ನೀವು ಎಂಥವರು ಅಂತ ನೋಡೋಕೂ ನಾನು ಧೈರ್ಯ ಮಾಡ್ಲಿಲ್ಲ ರೀ. ತಪ್ಪು ನಂದೇ."

ಅವರಿಗೆ ನೋವಾಗಿತ್ತು.  ಮರುದಿನ ಬೆಳಿಗ್ಗೆ ನಾನು ಎದ್ದು ಹೊರಡುವಾಗ ಅವರೂ ಶೂ ಹಾಕಿಕೊಂಡರು. ಕುದುರೆಗಳು ರಸ್ತೆ ದಾಟುವ ಜಾಗದಲ್ಲಿ ನನ್ನ ಪಕ್ಕ ನಿಂತು, ಒಂದರ ಹಿಂದೊಂದು ಹೋಗುವುದನ್ನು ನೋಡುತ್ತಾ ಕೇಳಿದರು: "ನಿಮ್ಮಪ್ಪ ಬೆಳಿಗ್ಗೆ ಎದ್ದು ಮೊದ್ಲು ಏನ್ ಮಾಡೋರು? ಶುರುವಿಂದ ಹೇಳು."

ಶುರುವಿನಿಂದ ಹೇಳಿದೆ. ಬಿಸಿಲು ಏರುವವರೆಗೆ ಹೇಳಿದೆ.

ಸೀಸನ್ ಮುಗಿದು ಸೀಕಾಕಸ್‌ಗೆ ಬಂದ ಮೇಲೆ ಮೈಸೂರಿನಲ್ಲಿರುವ ಮಂಜುನಾಥ್ ಅವರ ಅಕ್ಕನಿಗೂ ನಾನೇ ಫೋನ್ ಮಾಡಿ ಹೇಳಿದೆ. ಇನ್ನೊಬ್ಬರ ಬಾಯಿಂದ ಅದು ಹೋಗುವುದು ಬೇಡವಾಗಿತ್ತು. ಅವರು, "ಆಗ್ಲೇ ಹೇಳಿದ್ರೆ ಈ ಮದುವೆ ಆಗ್ತಿರ್ಲಿಲ್ಲ ಕಣೆ" ಎಂದರು.

"ಗೊತ್ತು ಅಕ್ಕಾ. ಈಗ ಹೇಳ್ತಿದೀನಿ."

ಎರಡು ತಿಂಗಳು ಅವರಿಂದ ಫೋನ್ ಬರಲಿಲ್ಲ. ಆಮೇಲೆ ಬಂತು, ಯಥಾಪ್ರಕಾರ, ತಮ್ಮನ ಶುಗರ್ ಹೇಗಿದೆ ಎಂದು.

ಮುಂದಿನ ವಸಂತದಲ್ಲಿ ಮಾರ್ಗರೆಟ್ ಮೇಲ್ ಕಳಿಸಿದಳು. ನಡಿಗೆಯ ಹೊಸ ಬರಹ ಹದಿನೈದು ಪುಟವಾಗಿತ್ತು. ಮಿಸ್ ಎಸ್ತರ್ ಮನೆ ಅದರಲ್ಲಿ ನಿಂತು ನೋಡುವ ಒಂದು ಜಾಗ, ರಾಯ್ ಹೇಳಿದ್ದನ್ನು ಅವರ ಹೆಸರಿನಲ್ಲೇ ಹಾಕಿದ್ದಳು. ಡೆಸ್ಕಿಗೆ ಬೇರೆಯವರು ಸಿಕ್ಕಿದ್ದಾರೆ, ನೀವು ಗೈಡಾಗಿಯೇ ಬನ್ನಿ ಎಂದಿದ್ದಳು. ಕರಪತ್ರದಲ್ಲಿ ಗೈಡುಗಳ ಹೆಸರಿನ ಕೆಳಗೆ ಒಂದೊಂದು ಸಾಲು ಪರಿಚಯ ಬೇಕಿತ್ತು. ಉಳಿದವರು ಕೊಟ್ಟಿದ್ದನ್ನೂ ಕಳಿಸಿದ್ದಳು: ನಿವೃತ್ತ ಶಿಕ್ಷಕಿ, ವಕೀಲರು, ಊರಿನ ಐದನೆಯ ತಲೆಮಾರಿನವರು. ನಾನು ಅಡುಗೆಮನೆ ಮೇಜಿನ ಹತ್ತಿರ ಕೂತು ನನ್ನ ಸಾಲನ್ನು ಬರೆದು ಕಳಿಸಿದೆ. ಅರ್ಧ ಗಂಟೆಯಲ್ಲಿ ಅವಳ ಫೋನ್ ಬಂತು.

"ಇಷ್ಟೇನಾ? ನಿಮ್ಮ ಡಿಗ್ರಿ, ಹತ್ತೊಂಬತ್ತು ವರ್ಷದ ಕೆಲಸ, ಅದೇನೂ ಬೇಡವಾ?"

"ಬೇಡ. ಅಷ್ಟೇ ಸಾಕು."

ಆ ವರ್ಷದ ಕರಪತ್ರದಲ್ಲಿ, ಸಾರಟೋಗಾದ ಪ್ರತಿ ಹೋಟೆಲು, ಪ್ರತಿ ಕಾಫಿ ಅಂಗಡಿಯ ಕೌಂಟರಿನ ಮೇಲೆ, ಅದು ಹಾಗೆಯೇ ಅಚ್ಚಾಯಿತು: ಸುನಂದಾ, ಕುಣಿಗಲ್‌ನ ಕುದುರೆ ಲಾಯದ ಆಳು ಚಿಕ್ಕೀರಯ್ಯನವರ ಮಗಳು.